ಮದರಸಾಬರ ಹೂಂ ಮತ್ತು ಕೆಂಪು ಚೌಕ

ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮದರಸಾಬರ ಅಂಗಡಿ. ‘ಲಗ್ನಪತ್ರಿಕೆ, ಸೀರೆ ನಕ್ಷೆ, ಝೆರಾಕ್ಸ್’ ಎಂದು ಫಲಕದ ಮೇಲೆ ಬರೆದಿದೆ. ಜಗತ್ತಿನಲ್ಲಿ ಯಾರಿಗೂ ಯಾವುದಕ್ಕೂ ‘ಒಲ್ಲೆ’ ಎನ್ನಲು ಬಾರದ ಮನುಷ್ಯ ಒಳಗೆ ಕೂತಿದ್ದಾನೆ ಎಂದು ಬರೆದಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಚಂದಾ ಎತ್ತುವವರು, ವಿಮೆ ಮಾಡಿಸುವವರು, ನೀರು ಸೋಸುವ ಯಂತ್ರ ಮಾರುವವರು ರೋಣದಿಂದಲೂ ನರಗುಂದದಿಂದಲೂ ವಾಸನೆ ಹಿಡಿದು ನೇರ ಅಲ್ಲಿಗೇ ಬರುತ್ತಿದ್ದರು.

ಒಂದೇ ದಿನ ಮೂರು ಮದುವೆಗಳಿಗೆ ಹೂಂ ಎಂದು, ಮೂರರಲ್ಲೂ ಊಟಕ್ಕೆ ಕೂತು, ಮೂರನೆಯದರಲ್ಲಿ ಬಡಿಸುವವನು ಇನ್ನಷ್ಟು ಹಾಕಲೇ ಎಂದಾಗ ಹೂಂ ಎಂದು ಕಣ್ಣಲ್ಲಿ ನೀರು ತಂದುಕೊಂಡ ಖ್ಯಾತಿ ಅವರದು. ಒಮ್ಮೆ ರೋಣದ ಬಸ್ ನಿಲ್ದಾಣದಲ್ಲಿ ಗಜೇಂದ್ರಗಡದ ಬಸ್ಸಿಗಾಗಿ ಕಾಯುತ್ತ ನಿಂತಿದ್ದಾಗ, ನರಗುಂದದ ಬಸ್ಸಿನ ಕಂಡಕ್ಟರ್ ‘ಬರ್ರಿ ಯಜಮಾನ್ರ, ಸೀಟ್ ಐತಿ’ ಎಂದು ಬಲು ಅಕ್ಕರೆಯಿಂದ ಕರೆದ. ಮದರಸಾಬರು ಹತ್ತಿ ಕೂತು ನರಗುಂದ ನೋಡಿಕೊಂಡು ಬಂದರು. ಕರೆದವರಿಗೆ ಓಗೊಡದಿರುವುದು, ಕೇಳಿದವರಿಗೆ ಇಲ್ಲ ಎನ್ನುವುದು ಅವರ ಮನೆತನದಲ್ಲಿ ನಡೆದು ಬಂದದ್ದಲ್ಲ.

ಇಂಥ ಕೋಟೆಗೆ ದೇವರು ಒಂದು ಬುರುಜನ್ನೂ ಕಟ್ಟಿಕೊಟ್ಟಿದ್ದ. ಅವರ ಹೆಂಡತಿ ರಾಜಮಾ. ಆಕೆ ಮೊದಲು ‘ಒಲ್ಲೆ’ ಎನ್ನುತ್ತಿದ್ದಳು, ಏನು ವಿಷಯ ಎಂದು ಆಮೇಲೆ ಕೇಳುತ್ತಿದ್ದಳು. ಅಂಗಡಿಯ ಹೊಸ್ತಿಲಲ್ಲಿ ಕೂತು ಲಗ್ನಪತ್ರಿಕೆಗೆ ದಾರ ಪೋಣಿಸುವುದು ಅವಳ ಕೆಲಸ. ಹಾಗೆ ಪೋಣಿಸುತ್ತ, ತಲೆಯನ್ನೂ ಎತ್ತದೆ, ಅವಳು ಹಿಮ್ಮೆಟ್ಟಿಸಿದ ಏಜೆಂಟರನ್ನು ಸಾಲಾಗಿ ನಿಲ್ಲಿಸಿದರೆ ಅಸೂಟಿಯವರೆಗೆ ಮುಟ್ಟಬಹುದು. ಗಂಡಹೆಂಡಿರು ಮನೆಯೊಳಗೆ ಉರ್ದು ಮಾತಾಡುತ್ತಿದ್ದರು. ಜಗಳ ಮಾತ್ರ ಕನ್ನಡದಲ್ಲಿ, ಸಾಕ್ಷಿಗಳಿಗೆ ಅರ್ಥವಾಗಬೇಕಲ್ಲ.

ಈ ಮನೆಯ ಆಸ್ತಿಯೆಂದರೆ ದಡಿಗಳು. ದಡಿ ಎಂದರೆ ಸೀರೆಯ ಅಂಚು. ಮದರಸಾಬರ ತಂದೆ ಖಾದರಸಾಬರು ಜೀವಮಾನವೆಲ್ಲ ಚೌಕುಳಿ ಹಾಳೆಯ ಮೇಲೆ, ಒಂದು ಚೌಕಕ್ಕೆ ಒಂದು ಎಳೆಯೆಂದು ಲೆಕ್ಕ ಹಿಡಿದು, ಊರಿನ ನೇಕಾರರಿಗೆ ದಡಿಯ ನಕ್ಷೆ ಬರೆದುಕೊಟ್ಟವರು. ಆ ನಕ್ಷೆ ನೋಡಿ ರಟ್ಟಿಗೆ ತೂತು ಹೊಡೆಯುತ್ತಾರೆ. ತೂತಿನ ರಟ್ಟುಗಳ ಮಾಲೆಯನ್ನು ಮಗ್ಗದ ಮೇಲೆ ಏರಿಸಿದರೆ, ಯಾವ ಎಳೆ ಏಳಬೇಕು ಯಾವುದು ಇಳಿಯಬೇಕು ಎಂದು ಮಗ್ಗಕ್ಕೆ ತಿಳಿಯುತ್ತದೆ. ಊರಲ್ಲಿ ಯಾರ ಮನೆಯ ಮಗ್ಗ ಸದ್ದು ಮಾಡುತ್ತಿದ್ದರೂ ಅದರ ಮೇಲೆ ಖಾದರಸಾಬರ ಗಿಳಿಯೋ ಹೂವೋ ತೇರಿನ ಗಾಲಿಯೋ ಓಡುತ್ತಿರುತ್ತಿತ್ತು. ಮಗನಿಗೆ ಆ ಕೈ ಬರಲಿಲ್ಲ. ಬರಲಿಲ್ಲ ಎನ್ನುವುದಕ್ಕಿಂತ, ಅವರು ಕೂತು ಪ್ರಯತ್ನಿಸುವಷ್ಟು ಹೊತ್ತು ಯಾರೂ ಅವರನ್ನು ಕರೆಯದೆ ಬಿಟ್ಟಿರಲಿಲ್ಲ.

ತಂದೆ ತೀರಿಕೊಂಡ ಮೇಲೆ ಮದರಸಾಬರು ಒಂದು ಕಂಪ್ಯೂಟರ್ ಕೊಂಡರು. ಮಾರುವವನು ಕೊಳ್ಳುತ್ತೀರಾ ಎಂದು ಕೇಳಿದ್ದೇ ಕಾರಣ. ಆದರೆ ಕೊಂಡ ಮೇಲೆ ಒಂದು ಬುದ್ಧಿವಂತ ಕೆಲಸ ಮಾಡಿದರು: ತಂದೆಯ ನಕ್ಷೆಗಳನ್ನೆಲ್ಲ ಒಂದೊಂದಾಗಿ ಸ್ಕ್ಯಾನ್ ಮಾಡಿ ಒಳಗಿಟ್ಟರು. ಅದಾದ ಮೇಲೆ ಅಷ್ಟೇ ದಡ್ಡ ಕೆಲಸವನ್ನೂ ಮಾಡಿದರು. ಅಂಗಡಿಯ ಮಾಳಿಗೆ ಸೋರುತ್ತದೆಂದು ಕಾಗದದ ಗಂಟನ್ನು ಹೊಳೆಆಲೂರಿನ ತಂಗಿಯ ಮನೆಯಲ್ಲಿ ಇಡಲು ಕಳಿಸಿದರು. ಸೋರುವ ಮಾಳಿಗೆಗೆ ಹೆದರಿ ಮಲಪ್ರಭೆಯ ದಂಡೆಗೆ ಕಾಗದ ಕಳಿಸಿದ ಸೇನಾಪತಿ ಬೇರೊಬ್ಬನಿರಲಾರ. 2009ರ ಮಳೆಗಾಲದ ಕೊನೆಯಲ್ಲಿ ಹೊಳೆ ಮನೆಯೊಳಗೆ ಬಂತು. ತಂಗಿಯ ಮನೆಯವರು ಜೀವ ಉಳಿಸಿಕೊಂಡು ಎತ್ತರಕ್ಕೆ ಬಂದರು. ಗಂಟು ಹೊಳೆಯ ಪಾಲಾಯಿತು.

ಅಲ್ಲಿಗೆ ಖಾದರಸಾಬರ ಜೀವಮಾನ ಉಳಿದದ್ದು ಮೇಜಿನ ಮೇಲಿನ ಆ ಒಂದು ಡಬ್ಬಿಯಲ್ಲಿ. ಕಂಪ್ಯೂಟರ್ ರಿಪೇರಿಗೆ ರೋಣದಿಂದ ಬರುವ ಸಂಜೀವಕುಮಾರ, ಎಲ್ಲವನ್ನೂ ಸಿ.ಡಿ.ಗೆ ಇಳಿಸಿ ಇನ್ನೊಂದು ಕಡೆ ಇಡಿ ಎಂದು ಬಂದಾಗಲೆಲ್ಲ ಹೇಳಿದ್ದ. ಮದರಸಾಬರು ಪ್ರತಿ ಸಲವೂ ಹೂಂ ಎಂದಿದ್ದರು. ಅವರ ಹೂಂ ಅಷ್ಟು ಧಾರಾಳವಾಗಿ ಖರ್ಚಾಗುತ್ತಿದ್ದುದರಿಂದ ಕೆಲಸಕ್ಕೆ ಏನೂ ಉಳಿಯುತ್ತಿರಲಿಲ್ಲ. ಕಂಪ್ಯೂಟರನ್ನು ತಯಾರಿಸಿದವರು ಆಗಾಗ ಕಳಿಸುವ ನಿಜವಾದ ಹೊಸ ತಿದ್ದುಪಡಿಗಳು ತಾವಾಗಿಯೇ ಬಂದು ಕೂರುವ ಹಾಗೆ ಸಂಜೀವಕುಮಾರ ಏರ್ಪಾಡು ಮಾಡಿಟ್ಟಿದ್ದ. ಆದರೆ ಫೋನಿನ ಬಿಲ್ಲಿಗೆ ಹೆದರಿ ಮದರಸಾಬರು ಇಂಟರ್ನೆಟ್ ಜೋಡಿಸುತ್ತಿದ್ದುದೇ ಅಪರೂಪ. ಆ ಪಾಪದ ತಿದ್ದುಪಡಿಗಳು ಬಾಗಿಲವರೆಗೆ ಬಂದು ಹಾಗೇ ತಿರುಗಿ ಹೋಗುತ್ತಿದ್ದವು.

ಆ ವರ್ಷದ ಚಳಿಗಾಲದ ಒಂದು ಬೆಳಿಗ್ಗೆ ನೇಕಾರರ ಚೌಡವ್ವ ಅಂಗಡಿಗೆ ಬಂದಳು. ಅವಳ ಮಗ್ಗದ ರಟ್ಟುಗಳನ್ನು ಇಲಿ ಕಡಿದಿದ್ದವು. ಮಗ್ಗ ನಿಂತುಬಿಟ್ಟಿತ್ತು. ಗಿಳಿ ದಡಿಯ ನಕ್ಷೆಯನ್ನು ಕಂಪ್ಯೂಟರಿನಿಂದ ತೆಗೆದುಕೊಟ್ಟರೆ ಹೊಸ ರಟ್ಟು ಹೊಡೆಸಬಹುದು ಎಂದು ಕಡಿದ ತುಂಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡೇ ತಂದಿದ್ದಳು. ಮದರಸಾಬರು ಗಿಳಿ ದಡಿಯನ್ನು ತೆರೆದು ಅಲ್ಲಲ್ಲಿ ಬಿದ್ದ ಕಪ್ಪು ಚುಕ್ಕೆಗಳನ್ನು ಅಳಿಸಲು ಕೂತರು. ನಡುವೆ, ಲಗ್ನಪತ್ರಿಕೆಗೆ ಜೋಡಿ ನವಿಲಿನ ಚಿತ್ರ ಬೇಕೆಂದ ಯಾರಿಗೋ ಹೂಂ ಎಂದದ್ದು ನೆನಪಾಯಿತು. ಕರೆಂಟು ಇರುವಾಗಲೇ ಹುಡುಕಿಬಿಡೋಣ ಎಂದು ಇಂಟರ್ನೆಟ್ ಜೋಡಿಸಿದರು.

ನವಿಲು ಇನ್ನೂ ಕಾಲುಭಾಗವಷ್ಟೇ ಕಂಡಿತ್ತು. ಪರದೆಯ ನಡುವೆ ಒಂದು ಕೆಂಪು ಚೌಕ ಎದ್ದು ನಿಂತಿತು.

ಚೌಕದ ಇಂಗ್ಲಿಷನ್ನು ಮದರಸಾಬರು ಬೆರಳಿಟ್ಟು ಓದಿದರು. ನಿಮ್ಮ ಯಂತ್ರದ ಕಾವಲು ಹಳೆಯದಾಗಿದೆ, ಅವಧಿ ಮುಗಿದಿದೆ, ಒಳಗೆ ರೋಗ ಹೊಕ್ಕಿದೆ, ದಯವಿಟ್ಟು ಈಗಲೇ ಹೊಸದನ್ನು ಹಾಕಿಕೊಳ್ಳಿ ಎಂದಿತ್ತು. ‘ದಯವಿಟ್ಟು’ ಎಂಬಲ್ಲಿ ಅವರ ಬೆರಳು ತುಸು ಹೊತ್ತು ನಿಂತಿತು. ಈ ಯಂತ್ರ ಇಷ್ಟು ವರ್ಷಗಳಲ್ಲಿ ಅವರನ್ನು ಒಮ್ಮೆಯೂ ಹೀಗೆ ಕೇಳಿಕೊಂಡಿರಲಿಲ್ಲ. ಕೆಳಗೆ ಎರಡು ಗುಂಡಿಗಳಿದ್ದವು, ಯೆಸ್ ಮತ್ತು ನೋ.

ಚೌಡವ್ವ ಏನೆಂದು ಕೇಳಿದಳು. ಹಾಸು ಮುಗಿಯಲು ಬಂದಿದೆಯಂತೆ, ಹೊಸದು ಕೂಡಿಸಬೇಕಂತೆ ಎಂದು ಮದರಸಾಬರು ಅವಳಿಗೆ ತಿಳಿಯುವಂತೆ ಹೇಳಿದರು. ಇದಕ್ಕಿಂತ ಅಪಾಯದ ವಿವರಣೆ ನೇಕಾರರ ಓಣಿಯಲ್ಲಿ ಸಾಧ್ಯವಿಲ್ಲ. ಮಗ್ಗದಲ್ಲಿ ಉದ್ದಕ್ಕೆ ಓಡುವ ಎಳೆಗಳೇ ಹಾಸು. ಹಳೆಯ ಹಾಸು ಪೂರ್ತಿ ಮುಗಿಯುವ ಮುಂಚೆ ಅದರ ತುದಿಗೆ ಹೊಸದನ್ನು ಎಳೆ ಎಳೆಯಾಗಿ ಕೂಡಿಸಿಬಿಡಬೇಕು. ತುದಿ ತಪ್ಪಿ ಮಗ್ಗ ಬರಿದಾಯಿತೋ, ಮತ್ತೆ ಮೊದಲಿನಿಂದ ಪೋಣಿಸುತ್ತ ಕೂರಬೇಕು. ಹಾಸು ಕೂಡಿಸುವುದಿದೆ ಎಂದರೆ ಅಲ್ಲಿನ ಹೆಂಗಸರು ಒಲೆಯ ಮೇಲಿನ ಪಲ್ಯವನ್ನೂ ಹಾಗೇ ಬಿಟ್ಟು ಏಳುತ್ತಾರೆ.

“ಮತ್ತ ನೋಡ್ಕೋತ ಯಾಕ ಕುಂತೀರಿ ಸಾಬ್ರ?” ಎಂದಳು ಚೌಡವ್ವ. “ಲಗೂನ ಕೂಡಸ್ರಿ. ಹಾಸು ತಪ್ಪಿದ್ರ ಗಿಳಿ ಎಲ್ಲಿಂದ ಬರಬೇಕು?”

ಮದರಸಾಬರು ಯೆಸ್ ಒತ್ತಿದರು. ಚೌಕ ಇನ್ನೊಂದು ಪ್ರಶ್ನೆ ಕೇಳಿತು, ಅದಕ್ಕೂ ಹೂಂ. ಮತ್ತೊಂದು ಕೇಳಿತು, ಅದಕ್ಕೂ. ಮೂರನೆಯ ಮದುವೆಯ ಊಟದ ಹಾಗೆ ಅದು ಬಡಿಸುತ್ತಲೇ ಹೋಯಿತು. ಕೊನೆಗೆ ಪರದೆಯ ತುಂಬ ಒಂದು ಗುರಾಣಿಯ ಚಿತ್ರ ಬಂದು ನಿಂತಿತು. ಅದರ ಹಿಂದೆ ಗಿಳಿ ದಡಿ ಮರೆಯಾಯಿತು. ಬೇರೆ ದಡಿ ತೆರೆಯಲು ನೋಡಿದರೆ, ರೋಗ ತಗಲಿದೆ, ತೆರೆಯಲಾಗದು ಎಂದಿತು. ತೇರಿನ ಗಾಲಿಯೂ ತೆರೆಯಲಿಲ್ಲ, ಹೂಬಳ್ಳಿಯೂ ತೆರೆಯಲಿಲ್ಲ. ಗುರಾಣಿಯ ಕೆಳಗೆ ಅದೇ ಎರಡು ಗುಂಡಿಗಳ ಚೌಕದಲ್ಲಿ ಹೊಸ ಬರಹ ಮೂಡಿತು: ಬ್ಯಾಂಕ್ ಕಾರ್ಡಿನ ಅಂಕಿಗಳನ್ನು ತುಂಬಿ ಕಾವಲನ್ನು ಪೂರ್ತಿ ಮಾಡಿಕೊಳ್ಳಿ, ಇಲ್ಲವಾದರೆ ಒಳಗಿನದೆಲ್ಲ ನಾಶವಾಗುತ್ತದೆ.

ಮದರಸಾಬರಿಗೆ ಒಳಗಿನದೆಲ್ಲ ಎಂದರೆ ಅಪ್ಪ.

ಕಾರ್ಡು ರಾಜಮಾಳ ಟ್ರಂಕಿನಲ್ಲಿತ್ತು. ಟ್ರಂಕಿನ ಕೀಲಿ ಅವಳ ಸೊಂಟದಲ್ಲಿತ್ತು. ಹೀಗೆ ಯಾವುದೋ ದೇಶದಲ್ಲಿ ಕೂತ ಕಳ್ಳ ಸಮುದ್ರ ದಾಟಿ, ತಂತಿ ಹಿಡಿದು, ಗಜೇಂದ್ರಗಡದ ಗುಡ್ಡ ಹತ್ತಿ ಇಳಿದು, ಕೊನೆಗೆ ಆ ಸೊಂಟದ ಮುಂದೆ ಬಂದು ನಿಂತ.

ಮದರಸಾಬರು ಕೀಲಿ ಕೇಳಿದರು. ರಾಜಮಾ ದಾರ ಪೋಣಿಸುತ್ತಲೇ “ಒಲ್ಲೆ” ಎಂದಳು. ಆಮೇಲೆ ಏನೆಂದು ಕೇಳಿದಳು. ಕೇಳಿದ ಮೇಲೆ ಎದ್ದು ಬಂದು ಪರದೆಯನ್ನು ನೋಡಿದಳು.

“ಯಾರ ಇವ?”

“ಕಾವಲಿನಾಂವ. ರೋಗ ತೆಗಿತಾನಂತ.”

“ರೋಗ ಐತಿ ಅಂತ ಯಾರ ಹೇಳಿದ್ರು?”

“ಅವನ ಹೇಳಿದ.”

“ಇವನ್ನ ಒಳಗ ಕರದಾವ್ರು ಯಾರು?”

ಚೌಡವ್ವ ತನ್ನ ರಟ್ಟಿನ ತುಂಡುಗಳನ್ನು ನೋಡಿಕೊಂಡಳು. ಅವು ನಮ್ಮಪ್ಪನ ದಡಿಗಳು ರಾಜಮಾ, ಕಾಗದ ಹೊಳೆಗೆ ಹೋಯಿತು, ಇದೂ ಹೋದರೆ ಅಪ್ಪನ ಕೈಯ ಗುರುತೇ ಉಳಿಯುವುದಿಲ್ಲ ಎಂದು ಮದರಸಾಬರು ಸಣ್ಣ ದನಿಯಲ್ಲಿ ಹೇಳಿದರು. ಅವಳಿಗೂ ಅದು ಗೊತ್ತಿತ್ತು. ಮಾವನ ನಕ್ಷೆಯ ಹಾಳೆಗಳಿಗೆ ಗೆರೆ ಹಾಕಿಕೊಟ್ಟ ಸೊಸೆ ಅವಳು. ಕೈ ಒಂದು ಗಳಿಗೆ ಸೊಂಟದ ಕೀಲಿಯ ಕಡೆಗೂ ಹೋಯಿತು. ಆದರೆ ಕೇಳದೆ ಬಂದು, ಹೆದರಿಸಿ, ಅವಸರ ಮಾಡುವವನನ್ನು ಅವಳು ಹೊಸ್ತಿಲಲ್ಲಿ ಬೇಕಾದಷ್ಟು ಕಂಡಿದ್ದಳು. ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಒಲ್ಲೆ ಎನ್ನುವ ಗುಂಡಿ ಯಾವುದು, ಅದನ್ನು ಒತ್ತಿರಿ ಎಂದಳು.

ಮದರಸಾಬರು ಬಾಳಿನಲ್ಲಿ ಮೊದಲ ಬಾರಿಗೆ ನೋ ಒತ್ತಿದರು. ಒಂದಿದ್ದ ಚೌಕ ನಾಲ್ಕಾಯಿತು. ಮತ್ತೊಮ್ಮೆ ಒತ್ತಿದರು. ಪರದೆಯ ತುಂಬ ಚೌಕಗಳು ಕೋಳಿಮರಿಗಳ ಹಾಗೆ ಹರಿದಾಡಿದವು.

ರಾಜಮಾಳ ‘ಒಲ್ಲೆ’ಯನ್ನು ಈವರೆಗೆ ಯಾರೂ ಮೀರಿರಲಿಲ್ಲ. ಜಾತ್ರೆಗೆ ಚಂದಾ ಕೇಳಲು ಬಂದ ಪೈಲ್ವಾನರೂ ಮೀರಿರಲಿಲ್ಲ. ಅವಳು ಸೆರಗು ಸಿಕ್ಕಿಸಿ ಮೇಜಿನ ಕೆಳಗೆ ನುಗ್ಗಿದಳು. ಮೊದಲು ಫೋನಿನ ವೈರು ಕಿತ್ತಳು. ಅಷ್ಟಕ್ಕೇ ನಿಂತಿದ್ದರೆ ಚರಿತ್ರೆ ಅವಳನ್ನು ಕಳಂಕವಿಲ್ಲದೆ ಕೊಂಡಾಡುತ್ತಿತ್ತು. ಆದರೆ ವೀರಾವೇಶ ನಡುದಾರಿಯಲ್ಲಿ ನಿಲ್ಲುವುದಿಲ್ಲ. ಕೈಗೆ ಸಿಕ್ಕ ಎಲ್ಲ ವೈರುಗಳನ್ನೂ ಗೋಡೆಯಿಂದ ಕಿತ್ತಳು. ಬ್ಯಾಟರಿ ಸತ್ತ ಯು.ಪಿ.ಎಸ್. ಅಲ್ಲಿ ಹೂವಿನ ಕುಂಡದ ಪೀಠವಾಗಿ ಕೂತಿತ್ತೇ ಹೊರತು ಸಹಾಯಕ್ಕೆ ಬರಲಿಲ್ಲ. ಪರದೆ ಕಪ್ಪಾಯಿತು. ಕುಂಡ ಒಡೆಯಿತು.

ಸಂಜೀವಕುಮಾರನಿಗೆ ಮೊಬೈಲಿನಲ್ಲಿ ಸುದ್ದಿ ಮುಟ್ಟಿತು. ತಾನು ಬರುವವರೆಗೆ ಯಂತ್ರ ಹಚ್ಚಬೇಡಿ ಎಂದ ಆತ ಮರುದಿನ ಬಸ್ಸಿಗೆ ಬಂದ. ಒಳಗಿನ ಡಿಸ್ಕನ್ನು ಬಿಚ್ಚಿ ತನ್ನ ಯಂತ್ರಕ್ಕೆ ಜೋಡಿಸಿಕೊಂಡು ಕೂತ. ಗಂಡಹೆಂಡತಿ ಎರಡೂ ಕಡೆ ನಿಂತರು. ಚೌಡವ್ವ ಹೊಸ್ತಿಲಲ್ಲಿ ಕೂತಳು. ಆ ಹೊತ್ತು ಮಾತ್ರ ಮನೆಯಲ್ಲಿ ಹೂಂ ಎನ್ನುವವರೂ ಇರಲಿಲ್ಲ, ಒಲ್ಲೆ ಎನ್ನುವವರೂ ಇರಲಿಲ್ಲ.

ತೇರಿನ ಗಾಲಿ ತೆರೆಯಿತು. ಹೂಬಳ್ಳಿ ತೆರೆಯಿತು. ಒಂದೊಂದಾಗಿ ಖಾದರಸಾಬರ ದಡಿಗಳು ಎದ್ದು ಬಂದವು. ಯಾವುದಕ್ಕೂ ಯಾವ ರೋಗವೂ ತಗಲಿರಲಿಲ್ಲ.

“ಚಾಚಾ, ಇಂವ ಕಳ್ಳ ಬಂದಾನ ಅಂತ ಕೂಗಿ, ನಿಮ್ಮ ಕೈಲೇ ಬಾಗಲಾ ತೆರಿಸ್ಕೊಂಡು ಒಳಗ ಬಂದ ಕಳ್ಳ,” ಎಂದ ಸಂಜೀವಕುಮಾರ. “ರೋಗ ಇರಲಿಲ್ಲ. ರೋಗ ಅಂದ್ರ ಇವನ. ಕಾರ್ಡಿನ ನಂಬರ್ ಕೊಟ್ಟಿದ್ರ ಖಾತೆನೂ ಬರಿದ ಮಾಡ್ತಿದ್ದ.”

ರಾಜಮಾ ಸೊಂಟದ ಕೀಲಿಯನ್ನು ಸರಿಪಡಿಸಿಕೊಂಡು ಓಣಿಯ ಕಡೆ ನೋಡಿದಳು, ಸಾಕ್ಷಿಗಳು ಇದ್ದಾರೆಯೇ ಎಂದು.

ಆದರೆ ಗಿಳಿ ದಡಿ ತೆರೆಯಲಿಲ್ಲ. ಮದರಸಾಬರು ಚುಕ್ಕೆ ಅಳಿಸುತ್ತ ಅದನ್ನು ತೆರೆದಿಟ್ಟಿದ್ದರು. ಕರೆಂಟು ಕಿತ್ತ ಹೊಡೆತಕ್ಕೆ ಅದೊಂದೇ ಕೆಟ್ಟುಹೋಗಿತ್ತು. ಸಂಜೀವಕುಮಾರ ಬಗೆಬಗೆಯಾಗಿ ನೋಡಿದ. ಅರ್ಧ ಗಿಳಿ, ಆಮೇಲೆ ಬೂದು ಬಣ್ಣ. ಕಳ್ಳ ಮುಟ್ಟದ್ದನ್ನು ಕಾವಲಿನವಳು ಮುರಿದಿದ್ದಳು. ಓಣಿಯ ಕಡೆ ನೋಡುತ್ತಿದ್ದ ರಾಜಮಾ ಮೆಲ್ಲಗೆ ಒಳಕ್ಕೆ ತಿರುಗಿದಳು.

ತಾನು ಒಲ್ಲೆ ಒತ್ತಿಸಿದರೂ ಅವನು ಯಾಕೆ ಹೋಗಲಿಲ್ಲ ಎಂಬ ಅವಮಾನ ಅವಳನ್ನು ಇನ್ನೂ ಕೊರೆಯುತ್ತಿತ್ತು. ಅದನ್ನು ಕೇಳಿದಳು.

“ಯೆಸ್ ಅನ್ನೋ ಗುಂಡಿನೂ ಅವಂದ, ನೋ ಅನ್ನೋ ಗುಂಡಿನೂ ಅವಂದ, ಚಾಚಿ,” ಎಂದ ಸಂಜೀವಕುಮಾರ. “ಯಾವುದನ್ನ ಒತ್ತಿದ್ರೂ ಒಂದ. ಅವಂಗ ನೀವು ಹೂಂ ಅನ್ನೂದ ಬ್ಯಾಡ, ಒಲ್ಲೆ ಅನ್ನೂದೂ ಬ್ಯಾಡ. ಉತ್ತರನ ಕೊಡಬಾರದು. ಫೋನಿನ ವೈರ್ ತೆಗದು, ತೆರದದ್ದನ್ನ ಉಳಿಸಿ, ಮಶಿನ್ ಬಂದ್ ಮಾಡಿ ಸುಮ್ಮನ ಕುಂದರ್ರಿ.”

ಕರೆದವರಿಗೆ ಓಗೊಡಬಾರದೆಂಬ ಈ ಉಪದೇಶ ಮದರಸಾಬರಿಗೆ ಅಧರ್ಮದಂತೆ ಕೇಳಿಸಿತು. ಯಾರೋ ಮುಂದೆ ನಿಂತು ಕೇಳುತ್ತಿರುವಾಗ ಒಲ್ಲೆ ಎನ್ನದೆ ಇರುವುದು ರಾಜಮಾಳಿಗೆ ಅಧರ್ಮದಂತೆ ಕೇಳಿಸಿತು. ಮದುವೆಯಾದ ಮೇಲೆ ಮೊದಲ ಬಾರಿಗೆ ಇಬ್ಬರೂ ಒಂದೇ ಮಾತಿಗೆ ಬೇಸರಪಟ್ಟರು.

ನಿಜವಾದ ತಿದ್ದುಪಡಿ ಬಂದರೆ ಹೇಗೆ ಗುರುತಿಸುವುದು ಎಂದು ಮದರಸಾಬರು ಕೇಳಿದರು. ಅದು ಯಂತ್ರದೊಳಗಿನಿಂದಲೇ, ತಯಾರಿಸಿದವರ ಕಡೆಯಿಂದಲೇ ಬರುತ್ತದೆ. ನೀವು ನವಿಲು ನೋಡುವಾಗ ನವಿಲಿನ ಮೇಲೆ ಬಂದು ಕೂರುವುದಿಲ್ಲ, ಕಾರ್ಡು ಕೇಳುವುದಿಲ್ಲ ಎಂದು ಸಂಜೀವಕುಮಾರ ವಿವರಿಸಿದ. ಹೊಸ್ತಿಲಲ್ಲಿದ್ದ ಚೌಡವ್ವ ತಲೆ ಆಡಿಸಿದಳು.

“ತಪ್ಪು ನಂದೂ ಐತ್ರಿ,” ಎಂದಳು. “ಹಾಸು ಮುಗದೈತಿ ಅಂತ ಹಾಸು ಮಾರಾಕ ಬಂದಾಂವ ಹೇಳಿದ. ನಾವು ಮಗ್ಗನ ನೋಡಲಿಲ್ಲ. ಮನ್ಯಾಗ ಆಗಿದ್ರ ಗುರುತ ಇಲ್ಲದಾವನ ಒಂದ ಎಳಿನೂ ಕೂಡಸ್ತಿದ್ದಿಲ್ಲ ನಾನು.”

ಸಂಜೀವಕುಮಾರ ಅಂದೇ ಎರಡು ಕೆಲಸ ಮುಗಿಸಿದ. ದಡಿಗಳನ್ನೆಲ್ಲ ಸಿ.ಡಿ.ಗಳಿಗೆ ಇಳಿಸಿದ. ಒಂದು ಅಂಗಡಿಯಲ್ಲಿ, ಒಂದು ರೋಣದಲ್ಲಿ ತನ್ನ ಹತ್ತಿರ, ಇನ್ನೊಂದು ಬೇರೆ ಊರಿನಲ್ಲಿ ಎಂದು ಲೆಕ್ಕ ಹಾಕಿದ. ಮದರಸಾಬರು ಹೊಳೆಆಲೂರಿನ ಹೆಸರೆತ್ತಿದರು. ಅವರು ಬಾಯಿ ಮುಚ್ಚುವ ಮೊದಲೇ ರಾಜಮಾ ಒಲ್ಲೆ ಎಂದು, ಆ ಸಿ.ಡಿ.ಯನ್ನು ಅಸೂಟಿಯ ತನ್ನ ತವರಿಗೆ ಕಳಿಸಿದಳು.

ಎರಡನೆಯ ಕೆಲಸ ಇನ್ನೂ ಮುಖ್ಯ. ಕಂಪ್ಯೂಟರಿನಲ್ಲಿ ಮದರಸಾಬರಿಗೆ ಬೇರೆ ಖಾತೆ ಮಾಡಿದ. ಅದರಲ್ಲಿ ಪತ್ರಿಕೆ ಬರೆಯಬಹುದು, ನವಿಲು ನೋಡಬಹುದು, ದಡಿ ತೆರೆಯಬಹುದು. ಹೊಸದೇನನ್ನೂ ಒಳಗೆ ಹಾಕಿಕೊಳ್ಳಲು ಮಾತ್ರ ಅವರ ಹೂಂ ಸಾಲದು. ಅದಕ್ಕೆ ಇನ್ನೊಂದು ಪಾಸ್‌ವರ್ಡ್ ಬೇಕು, ಅದು ರಾಜಮಾಳ ಬಳಿ. ಹೀಗೆ ಓಣಿಯವರು ಬಹುಕಾಲದಿಂದ ಬಲ್ಲ ರಾಜ್ಯವ್ಯವಸ್ಥೆಯನ್ನೇ ಯಂತ್ರಕ್ಕೂ ತಿಳಿಸಿಕೊಟ್ಟಂತಾಯಿತು. ಪಾಸ್‌ವರ್ಡ್ ಹಾಕಲು ರಾಜಮಾ ಕೂತಾಗ ಸಂಜೀವಕುಮಾರ ಮುಖ ಆಚೆ ತಿರುಗಿಸಿಕೊಂಡು ಒಂದೇ ಸೂಚನೆ ಕೊಟ್ಟ: “‘ಒಲ್ಲೆ’ ಅಂತ ಇಡಬ್ಯಾಡ್ರಿ ಚಾಚಿ. ಊರಿಗೆಲ್ಲ ಗೊತ್ತೈತಿ.” ಅವಳು ಹೊಡೆದ ಅಕ್ಷರಗಳನ್ನು ಅಳಿಸಿ ಮತ್ತೆ ಹೊಡೆದಳು.

ಉಳಿದದ್ದು ಗಿಳಿ. ಚೌಡವ್ವ ತನ್ನ ಪೆಟ್ಟಿಗೆಯಿಂದ ಹಳೆಯ ಸೀರೆಯೊಂದನ್ನು ತಂದು ಮೇಜಿನ ಮೇಲೆ ಹಾಸಿದಳು. ಖಾದರಸಾಬರ ಗಿಳಿಗಳು ಅದರ ದಡಿಯುದ್ದಕ್ಕೂ ಸಾಲುಗಟ್ಟಿದ್ದವು. ಮದರಸಾಬರು ಭೂತಗನ್ನಡಿ ಹಿಡಿದು, ಎಳೆ ಎಣಿಸಿ, ಚೌಕುಳಿ ಹಾಳೆಯ ಮೇಲೆ ತುಂಬಲು ಕೂತರು. ಅವರು ಬರೆಯುವಷ್ಟು ದಿನ ರಾಜಮಾ ಹೊಸ್ತಿಲಲ್ಲಿ ಕೂತು ಯಾರೂ ಕರೆಯದ ಹಾಗೆ ನೋಡಿಕೊಂಡಳು. ಹೂಕುಂಡ ಒಡೆದ, ಗಿಳಿ ಕೊಂದ ಪಾಪಕ್ಕೆ ಅವಳು ಮಾಡಿದ ಪ್ರಾಯಶ್ಚಿತ್ತ ಅಷ್ಟೇ, ಬಾಯಿಬಿಟ್ಟು ಹೇಳಲಿಲ್ಲ. ಒಂದು ಹಾಳೆ ಕೆಟ್ಟಿತು, ಇನ್ನೊಂದು ಕೆಟ್ಟಿತು. ಮೂರನೆಯದರಲ್ಲಿ ಗಿಳಿ ಕೂತಿತು.

ಚೌಡವ್ವ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

“ಹೌದ್ರಿ, ಗಿಳಿನ. ಆದ್ರ ನಿಮ್ಮಪ್ಪಂದಕ್ಕಿಂತ ಹೊಟ್ಟಿ ಸ್ವಲ್ಪ ದಪ್ಪ ಆಗೈತಿ. ಮೂರ ಮದುವಿ ಊಟ ಮಾಡಿ ಬಂದಂಗ ಐತಿ.”

ಇನ್ನೊಮ್ಮೆ ಬರೆಯಲೇ ಎಂದು ಮದರಸಾಬರು ಕೇಳಿದರು. ಬೇಡ, ಇದು ನಿಮ್ಮ ಗಿಳಿ ಎಂದು ಗುರುತು ಸಿಗುತ್ತದೆ ಎಂದ ಚೌಡವ್ವ, ಅವರು ಅದನ್ನು ಸ್ಕ್ಯಾನ್ ಮಾಡಿಕೊಂಡ ಮೇಲೆ ಹಾಳೆ ಮಡಚಿಕೊಂಡು ಹೋದಳು. ಅವಳ ಮಗ್ಗ ಮತ್ತೆ ಸದ್ದು ಮಾಡಿತು. ದಪ್ಪ ಹೊಟ್ಟೆಯ ಗಿಳಿ ದಡಿಯನ್ನು ಆಮೇಲೆ ಅದೇ ಓಣಿಯ ನೇಕಾರ ಹೇಮಪ್ಪನ ಮಗ್ಗದವರೂ ಕೇಳಿ ಒಯ್ದರು.

ಬೇಸಿಗೆಯಲ್ಲಿ ಕೆಂಪು ಚೌಕ ಇನ್ನೊಂದು ವೇಷದಲ್ಲಿ ಬಂತು. ಈ ಸಲ ಹಳದಿ ಬಣ್ಣ, ಮಾತು ಇನ್ನೂ ಮೆತ್ತಗೆ. ವಿಡಿಯೋ ನೋಡಬೇಕಾದರೆ ಹೊಸ ಪ್ಲೇಯರ್ ಹಾಕಿಕೊಳ್ಳಿ ಎಂದಿತು. ಮದರಸಾಬರ ತುಟಿಯ ಮೇಲೆ ಹೂಂ ಬಂದು ನಿಂತಿತು. ಹಿಂದೆ ನಿಂತಿದ್ದ ರಾಜಮಾಳ ತುಟಿಯ ಮೇಲೆ ಒಲ್ಲೆ ಬಂದು ನಿಂತಿತು. ಇಬ್ಬರೂ ನುಂಗಿಕೊಂಡರು. ಮದರಸಾಬರು ಬಗ್ಗಿ ಫೋನಿನ ವೈರು ತೆಗೆದರು, ಬರೀ ಫೋನಿನದು. ತೆರೆದ ದಡಿಯನ್ನು ಉಳಿಸಿ, ಯಂತ್ರ ಬಂದ್ ಮಾಡಿದರು. ಅತಿಥಿಯೊಬ್ಬ ಬಾಗಿಲಲ್ಲಿ ನಿಂತು ಕೂಗುತ್ತಿರುವಾಗ ಉಸಿರು ಹಿಡಿದು ಒಳಗೆ ಕೂತವರ ಹಾಗೆ ಇಬ್ಬರೂ ಒಂದಿಷ್ಟು ಹೊತ್ತು ಕೂತಿದ್ದು, ಆಮೇಲೆ ಚಹಾ ಕುಡಿದರು. ಮತ್ತೆ ಹಚ್ಚಿ ನೋಡಿದಾಗ ಗಾಲಿ, ಹೂಬಳ್ಳಿ, ದಪ್ಪ ಹೊಟ್ಟೆಯ ಗಿಳಿ ಎಲ್ಲವೂ ಇದ್ದಲ್ಲೇ ಇದ್ದವು.

ಮನುಷ್ಯರ ವಿಷಯದಲ್ಲಿ ಮದರಸಾಬರು ಬದಲಾಗಲಿಲ್ಲ. ಹೊಸ ದಡಿ ಬರೆದಾಗಲೆಲ್ಲ ಅದರ ಸಿ.ಡಿ.ಯನ್ನು ಸಂಜೀವಕುಮಾರನಿಗೆ ಕೊಡಲು ತಪ್ಪದೆ ರೋಣಕ್ಕೆ ಹೋಗುತ್ತಾರೆ. ಕೊಟ್ಟು, ಗಜೇಂದ್ರಗಡದ ಬಸ್ಸಿಗೆಂದು ನಿಲ್ದಾಣದಲ್ಲಿ ನಿಲ್ಲುತ್ತಾರೆ. ಅವರನ್ನು ಅದಾದ ಮೇಲೆ ಎರಡು ಸಲ ನರಗುಂದದಲ್ಲಿ ಕಂಡವರಿದ್ದಾರೆ.